ಸಾಲಿಗೊಂದೇ ರ‍್ಯಾಂಪ್

ಗಾಲಿಕುರ್ಚಿ ಹತ್ತಲು ದಾರಿಯಿಲ್ಲದ ಅಂಗಡಿಗೆ ಬೀಗ ಎಂದು ಪುರಸಭೆ ನೋಟಿಸ್ ಕೊಟ್ಟಾಗ, ಅಂಗಡಿಸಾಲಿನವರೆಲ್ಲ ಸೇರಿ ಒಂದೇ ಒಂದು ಕಬ್ಬಿಣದ ರ‍್ಯಾಂಪ್ ಮಾಡಿಸಿದರು. ತಪಾಸಣೆಯ ದಿನ ಅದು ಮೊದಲು ರೇವಣ್ಣನ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿತು. ಅಧಿಕಾರಿ ಹೊರಟ ಕೂಡಲೇ ರೇವಣ್ಣ ಕೊಡ ಬಡಿಯಬೇಕು, ಆ ಸದ್ದು ಕೇಳಿ ಪಕ್ಕದ ಚಪ್ಪಲಿ ಅಂಗಡಿಯ ಇಮಾಮ್ ಸಾಬರು ರ‍್ಯಾಂಪನ್ನು ತಮ್ಮ ಬಾಗಿಲಿಗೆ ಎಳೆದುಕೊಳ್ಳಬೇಕು ಎಂದು ಮಾತಾಗಿತ್ತು.

ಬಂದ ಅಧಿಕಾರಿಯೇ ಗಾಲಿಕುರ್ಚಿಯಲ್ಲಿದ್ದರು. ರ‍್ಯಾಂಪ್ ಕಿರುಗುಟ್ಟಿತಾದರೂ ಆಕೆ ಸಲೀಸಾಗಿ ಮೇಲೆ ಬಂದರು.

"ದಿನಾ ಇಲ್ಲೇ ಇರುತ್ತೇನ್ರೀ ಇದು?"

"ಇನ್ನೆಲ್ಲಿಗೆ ಹೋಗುತ್ತೆ ಮೇಡಂ? ಅಲುಗಾಡೋದೂ ಇಲ್ಲ."

ಆಕೆ ಒಳಗೆಲ್ಲ ಸುತ್ತಿ ನೋಡಿದರು.

"ಎಲ್ಲಾ ಸರಿಯಾಗಿದೆ ಬಿಡ್ರಿ," ಎಂದು ಹೊರಟವರ ಕಣ್ಣು ಒಂದು ಹಿತ್ತಾಳೆ ಕೊಡದ ಮೇಲೆ ಬಿತ್ತು. "ಗಟ್ಟಿ ಇದೆಯೇನ್ರೀ?" ಎನ್ನುತ್ತ, ರೇವಣ್ಣ ತಡೆಯುವ ಮೊದಲೇ, ಬೆರಳ ಗಿಣ್ಣಿನಿಂದ ಠಣ್ಣನೆ ಬಡಿದರು.

ಹೊರಗೆ ಕಬ್ಬಿಣ ಕರಕರ ಎಂದಿತು. ಆಕೆ ಕುರ್ಚಿ ಹೊರಳಿಸಿ ಬಾಗಿಲಿಗೆ ಬಂದಾಗ ಎದುರಿಗಿದ್ದದ್ದು ಬರೀ ಮೆಟ್ಟಿಲು. ಪಕ್ಕದಂಗಡಿಯ ಮುಂದೆ ಇಮಾಮ್ ಸಾಬರು ನಗುನಗುತ್ತ ಕೈಮುಗಿದು ನಿಂತಿದ್ದರು.

"ಬನ್ನಿ ಮೇಡಂ, ನಮ್ಮ ರ‍್ಯಾಂಪೂ ನೋಡಿ!"