ನಾಲ್ಕು ನಿಮಿಷದ ಚೀಟಿ

ಜಪಾನಿನ ಆ ಗುಡ್ಡಗಾಡು ನಿಲ್ದಾಣಕ್ಕೆ ದಿನಕ್ಕೆ ಆರೇ ರೈಲು. ಒಂದು ನಿಮಿಷ ತಡವಾದರೂ ಸ್ಟೇಷನ್ ಮಾಸ್ಟರ್ ಒಕುಬೊ ತಲೆಬಾಗಿ ಕ್ಷಮೆ ಕೇಳುತ್ತಿದ್ದರು. ಕೆಲಸಕ್ಕೆ ಹೋಗುವವರು ಮೇಲಿನವರಿಗೆ ತೋರಿಸಲೆಂದು, ರೈಲು ತಡವಾದದ್ದಕ್ಕೆ ಚೀಟಿಯನ್ನೂ ಬರೆದುಕೊಡುತ್ತಿದ್ದರು.

ಗುರುವಾರ ಮಧ್ಯಾಹ್ನ ಕಪ್ಪು ಕೋಟು ತೊಟ್ಟ ಚಿಜುರು ಎಂಬ ಹೆಂಗಸು ಒಕುಬೊ ಕೂತಿದ್ದ ಟಿಕೆಟ್ ಕಿಟಕಿಯ ಬಳಿ ಬಂದಳು.

"ಸೋಮವಾರ ಬೆಳಗಿನ ರೈಲಿನ ಚೀಟಿ ಬೇಕಿತ್ತು."

"ಬರೀ ನಾಲ್ಕು ನಿಮಿಷ ತಡವಾಗಿತ್ತಲ್ವಾ? ಆಫೀಸಿನಲ್ಲಿ ಕೇಳಿದ್ರಾ?"

"ಇಲ್ಲ, ಅಣ್ಣನಿಗೆ ತೋರಿಸಬೇಕು. ಆ ನಾಲ್ಕು ನಿಮಿಷದಿಂದ ಜಂಕ್ಷನ್‌ನಲ್ಲಿ ಮುಂದಿನ ರೈಲು ತಪ್ಪಿಹೋಯ್ತು. ಎರಡು ಗಂಟೆ ಕಾದೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಅಮ್ಮನ ಮುಖದ ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ರು. ನಾನು ಬೇಕಂತಲೇ ತಡ ಮಾಡಿದೆ ಅಂತಾನೆ ಅಣ್ಣ."

ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯಾರದೋ ವಿಳಾಸ ಹೇಳುವಂತೆ ಹೇಳಿದಳು.

ಒಕುಬೊ ತಾರೀಖು ಬರೆದರು, ರೈಲಿನ ಹೊತ್ತು ಬರೆದರು. ಕಾರಣ ಬರೆಯಬೇಕಾದಲ್ಲಿ ಅವರ ಪೆನ್ನು ನಿಂತಿತು.

"ಅವತ್ತು ಒಬ್ಬರು ಅಜ್ಜಿ ಕೋಲೂರಿಕೊಂಡು ಹಿಮದಲ್ಲಿ ಬರ್ತಾ ಇದ್ರು," ಎಂದರು ತಲೆ ಎತ್ತದೆ. "ಪಾಪ ಅನಿಸಿ ನಾನೇ ರೈಲು ನಿಲ್ಲಿಸಿಕೊಂಡೆ. ತಪ್ಪು ನನ್ನದು. ಹಾಗಂತಲೇ ಬರೀತೀನಿ."

ಚಿಜುರು ಖಾಲಿ ಹಳಿಗಳತ್ತ ತಿರುಗಿದಳು.

"ಅಜ್ಜಿಗೆ ರೈಲು ಸಿಕ್ತಾ?"

"ಸಿಕ್ತು."

"ಹಿಮ ಬಿದ್ದು ತಡವಾಯ್ತು ಅಂತ ಬರೀರಿ. ನಮ್ಮಣ್ಣನಿಗೆ ಮನುಷ್ಯರನ್ನ ಕ್ಷಮಿಸಿ ಗೊತ್ತಿಲ್ಲ."