ಬೇಕರಿಯ ಮುಂದಿನ ಬೆಂಚು

ಕುಸಿದ ಬೇಕರಿಯ ಗೋಡೆಯ ರಾಶಿಯಿಂದ ಸರೋಜಿನಿ ಬರಿಗೈಯಲ್ಲೇ ಇಟ್ಟಿಗೆ ಕಿತ್ತು ಎಸೆಯುತ್ತಿದ್ದಳು. ಅದರಡಿ ಹೂತುಹೋದ ಬೆಂಚಿನ ಮೇಲೆ ಅವಳ ಅತ್ತೆ ಕಲ್ಯಾಣಿಯಮ್ಮ ದಿನಾ ಸಂಜೆ ಕೂರುತ್ತಿದ್ದರು. ಉಡುಪಿಯಿಂದ ಬಂದ ಅವರಿಗೆ ಸ್ಯಾನ್ ಹೊಸೆ ಪಕ್ಕದ ಈ ಪುಟ್ಟ ಊರಿನಲ್ಲಿ ಹಿಡಿಸಿದ್ದು ಈ ಹಳೆಯ ಚೌಕವೊಂದೇ: ಅಜ್ಜಂದಿರ ಕಾಲದ ಅಂಗಡಿಗಳು, ನಡುವೆ ಬ್ಯಾಂಡಿನವರ ಮಂಟಪ, ಸುತ್ತ ಹರಟುವ ಮುದುಕರು. ಎಂಬತ್ತೊಂಬತ್ತರ ಅಕ್ಟೋಬರಿನ ಭೂಕಂಪ ಮಂಟಪವೊಂದನ್ನು ಬಿಟ್ಟು ಎಲ್ಲವನ್ನೂ ಕೆಡವಿಹಾಕಿತ್ತು.

"ಬಿಡಮ್ಮ, ಉಳಿದ ಗೋಡೆಯೂ ಬೀಳುತ್ತೆ. ಇಲ್ಲಿ ಯಾರೂ ಇಲ್ಲ, ಎಲ್ಲರೂ ಮಂಟಪದ ಹತ್ತಿರ ಇದ್ದಾರೆ," ಎಂದು ಅಗ್ನಿಶಾಮಕ ದಳದವನು ಇಂಗ್ಲಿಷಿನಲ್ಲಿ ಕೂಗಿ ಅವಳನ್ನು ಆಚೆ ಎಳೆದ.

ಮಂಟಪದ ಮೆಟ್ಟಿಲ ಮೇಲೆ ಅತ್ತೆ ಇದ್ದರು. ಮೈತುಂಬ ಧೂಳು, ತೋಳಿನಲ್ಲಿ ಯಾರದೋ ಎಳೆಮಗು. ಸರೋಜಿನಿ ಅಳುತ್ತ ಅವರ ಕಾಲ ಬಳಿ ಕುಸಿದಳು. ಕಲ್ಯಾಣಿಯಮ್ಮ ಅವಳ ಭುಜ ಹಿಡಿದು ಅಲುಗಾಡಿಸಿದರು. ಕೂಗಿ ಕೂಗಿ ಅವರ ಸ್ವರ ಒಡೆದಿತ್ತು.

"ಕೂತ್ಕೊಳ್ಬೇಡ ಮಾರಾಯ್ತಿ! ಆಗಿಂದ ಹೇಳ್ತಾ ಇದ್ದೇನೆ, ಒಬ್ಬರಿಗೂ ನನ್ನ ಮಾತು ತಿಳಿಯುದಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಇದರ ಅಮ್ಮ ಬ್ರೆಡ್ ತರ್ಲಿಕ್ಕೆ ಬೇಕರಿಯೊಳಗೆ ಹೋದದ್ದು. ಇದು ಅಳ್ತದೆ ಅಂತ ನಾನು ಈಚೆ ಬಂದೆ. ಅವಳು ಹೊರಗೆ ಬರಲೇ ಇಲ್ಲ!"

ಸರೋಜಿನಿ ಎದ್ದು, ಒಳಗೆ ಒಬ್ಬಳಿದ್ದಾಳೆಂದು ಇಂಗ್ಲಿಷಿನಲ್ಲಿ ಕಿರುಚುತ್ತ, ಬೇಕರಿಯತ್ತ ಓಡಿದಳು.