ಬೋರಣ್ಣನ ಫೋಟೋ ಮತ್ತು ಅಜ್ಜಿಯ ಎಳನೀರು

ಬಿಡುವಿದ್ದಾಗ ಓದಿ... ಅವಸರದಲ್ಲಿ ಓದಿದರೆ ಇದು ಒಳಗೆ ಇಳಿಯುವುದಿಲ್ಲ.

ಮದ್ದೂರಿನಲ್ಲಿ ನಟ ರುದ್ರಕುಮಾರ್ ಅಭಿಮಾನಿಗಳ ಸಂಘ ಅಂತ ಒಂದಿತ್ತು. ಅದರ ಅಧ್ಯಕ್ಷ ಬೋರೇಗೌಡ, ಎಲ್ಲರ ಬಾಯಲ್ಲೂ ಬೋರಣ್ಣ.

ರುದ್ರಕುಮಾರ್ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಬೋರಣ್ಣನಿಗೆ ಅವರು ಇನ್ನೂ 'ಧಣಿ'ಯೇ.

ಎದೆಯ ಮೇಲೆ ಧಣಿಯ ಹಚ್ಚೆ, ಬೈಕಿನ ಮೇಲೆ ಧಣಿಯ ಸ್ಟಿಕರ್, ಮಗಳಿಗೆ ಧಣಿಯ ಮೊದಲ ಸಿನಿಮಾದ ನಾಯಕಿಯ ಹೆಸರು... ಹೆಂಡತಿಯೊಬ್ಬಳನ್ನು ಮಾತ್ರ ಧಣಿಯನ್ನು ಕೇಳದೆ ಕಟ್ಟಿಕೊಂಡಿದ್ದ, ಪಾಪ.

ಪ್ರತಿ ವರ್ಷ ಧಣಿಯ ಹುಟ್ಟುಹಬ್ಬಕ್ಕೆ ಕಲ್ಯಾಣ ಮಂಟಪದಲ್ಲಿ ರಕ್ತದಾನ ಶಿಬಿರ. ಅಲ್ಲಿ ಬೋರಣ್ಣನ ಭಾಷಣ. ಭಾಷಣದಲ್ಲಿ ಯಾವಾಗಲೂ ಒಂದೇ ಕಥೆ...

ಧಣಿ ತಮ್ಮ ಹುಟ್ಟುಹಬ್ಬದ ದಿನ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಗುರುತು ಸಿಗದ ಹಾಗೆ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಮಲಗಿ, ರಕ್ತ ಕೊಟ್ಟು ಬರುತ್ತಿದ್ದರಂತೆ.

ಇದನ್ನು ಹೇಳುವಾಗ ಬೋರಣ್ಣ ಮೈಕು ಪಕ್ಕಕ್ಕಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ. ಅದು ನಾಟಕವಲ್ಲ, ನಿಜವಾದ ಪ್ರೀತಿಯೇ.

ಆದರೆ ಸಂಘದ ಒಂದಿಬ್ಬರು ಮತ್ತು ಶಿಬಿರದ ನರ್ಸಮ್ಮನನ್ನು ಬಿಟ್ಟರೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು...

ಬೋರಣ್ಣನಿಗೆ ಸೂಜಿ ಕಂಡರೆ ಕೈಕಾಲು ನಡುಗುತ್ತಿತ್ತು. ಅವನು ಒಂದು ಸಲವೂ ರಕ್ತ ಕೊಟ್ಟವನಲ್ಲ.

ಮತ್ತೆ ಪೇಪರಿನಲ್ಲಿ ಬರುತ್ತಿದ್ದ ಫೋಟೋ? ಅದಕ್ಕೊಂದು ಪದ್ಧತಿಯಿತ್ತು.

ರಕ್ತ ಕೊಟ್ಟು ಮಲಗಿದವರನ್ನು ಬೇಗ ಎಬ್ಬಿಸಿ, ಆ ಮಂಚದ ಮೇಲೆ ಬೋರಣ್ಣ ಮಲಗುವುದು. ಸಂಘದವನೊಬ್ಬ ತೋಳಿಗೆ ಬರೀ ಟ್ಯೂಬು ಇಟ್ಟು ಮೇಲೆ ಪ್ಲಾಸ್ಟರ್ ಅಂಟಿಸುವುದು. ಮುಖದ ತುಂಬಾ ನಗು... ಕ್ಲಿಕ್.

ಶಿಬಿರದಿಂದ ಊರಿಗೆ ಒಳ್ಳೆಯದೇ ಆಗುತ್ತಿದೆ, ತನ್ನದೊಂದು ಬಾಟಲಿ ರಕ್ತ ಇಲ್ಲದಿದ್ದರೇನು ಅಂತ ಅವನ ಸಮಾಧಾನ.

ಆ ವರ್ಷವೂ ಹಾಗೇ ಆಯಿತು.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ರಕ್ತ ಕೊಟ್ಟು ಕಣ್ಣು ಮುಚ್ಚಿ ಮಲಗಿದ್ದಳು. ಫೋಟೋ ತೆಗೆಯಬೇಕು, ವಸಿ ಏಳವ್ವ ಅಂತ ಬೋರಣ್ಣ ಅವಳನ್ನು ಎಬ್ಬಿಸಿದ. ಅವಳು ತೋಳಿನ ಹತ್ತಿ ಒತ್ತಿಕೊಂಡು ಮೂಲೆಯ ಕುರ್ಚಿಗೆ ಹೋಗಿ ಕೂತಳು. ಬೋರಣ್ಣ ಅವಳ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಫೋಟೋ ಮುಗಿದು ಅವನು ಮಂಚದಿಂದ ಇಳಿಯುವಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಕೆತ್ತಿದ ಎಳನೀರು. ಪಕ್ಕದ ಹಳ್ಳಿಯ ನಿಂಗಾಜಮ್ಮ.

ಯಾರು, ಏನು ಅಂತ ಕೇಳುವ ಮೊದಲೇ ಅಜ್ಜಿ ಬಗ್ಗಿ ಬೋರಣ್ಣನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು...

ತಾಯಿ ವಯಸ್ಸಿನವರು. ಬೋರಣ್ಣ ಗಾಬರಿಯಾಗಿ ಹಿಂದೆ ಸರಿದ.

ಹೋದ ವರ್ಷ ಅಜ್ಜಿಯ ಮಗಳಿಗೆ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ಜೀವವೇ ಕೈಜಾರುತ್ತಿತ್ತಂತೆ. ಆಸ್ಪತ್ರೆಯವರು ರಕ್ತ ಹಾಕಿ ತಾಯಿ ಮಗು ಇಬ್ಬರನ್ನೂ ಉಳಿಸಿದರಂತೆ. ಎಲ್ಲಿಯ ರಕ್ತ ಅಂತ ಕೇಳಿದರೆ ರುದ್ರಕುಮಾರ್ ಸಂಘದ ಶಿಬಿರದ್ದು ಅಂದರಂತೆ.

ಪೇಪರಿನಲ್ಲಿ ಬೋರಣ್ಣ ಮಲಗಿದ್ದ ಫೋಟೋ ನೋಡಿದ ಅಜ್ಜಿ, ಕೊಟ್ಟವನು ಇವನೇ ಅಂದುಕೊಂಡರು. ಅದನ್ನು ಕತ್ತರಿಸಿ ದೇವರ ಗೂಡಿನಲ್ಲಿ ಅಂಟಿಸಿದ್ದರು. ದೀಪ ಹಚ್ಚುವಾಗ ಅವನಿಗೂ ಕೈಮುಗಿಯುತ್ತಿದ್ದರು.

"ಇವತ್ತೂ ಕೊಟ್ಟಿದ್ದೀಯಲ್ಲಪ್ಪ, ಸುಸ್ತಾಗಿರ್ತದೆ. ನಮ್ ಮರದ್ದೇ ಎಳ್ನೀರು, ಕುಡಿ ಮಗ."

ಬೋರಣ್ಣ ಎಳನೀರನ್ನು ಬಾಯಿಯವರೆಗೂ ತಂದ... ಆಗಲಿಲ್ಲ.

ಧಣಿಯ ಟವೆಲ್ ಕಥೆಯನ್ನು ಊರಿಗೆಲ್ಲ ಹೇಳಿದ ಬಾಯಿ ಅದು. ಅವನು ನಾಚಿಕೆಯಿಂದ ಕುಗ್ಗಿಹೋದ.

ಸುಮ್ಮನೆ ಕುಡಿದಿದ್ದರೆ ಅಜ್ಜಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ತೋಳಿನ ಪ್ಲಾಸ್ಟರ್ ಕಿತ್ತು ತೋರಿಸಿದ. ಅಲ್ಲಿ ಸೂಜಿಯ ಗುರುತೇ ಇರಲಿಲ್ಲ.

"ಅವ್ವ, ನಾನು ಕೊಟ್ಟಿಲ್ಲ... ಯಾವತ್ತೂ ಕೊಟ್ಟಿಲ್ಲ. ಬರೀ ಫೋಟೋ."

ಮಂಟಪದಲ್ಲಿದ್ದವರೆಲ್ಲ ಇತ್ತ ತಿರುಗಿದರು.

ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಅವನಿಗೆ ಅನ್ನಿಸಿತು. ಅವರು ಅವನ ಕೈಯಿಂದ ಎಳನೀರು ವಾಪಸ್ ತೆಗೆದುಕೊಂಡರು.

"ಹಂಗಾರೆ ಇದನ್ನ ಯಾರ್ಗೆ ಕೊಡ್ಲಪ್ಪ? ಕೊಟ್ಟೋರು ಯಾರು, ತೋರ್ಸು."

ಬೋರಣ್ಣ ಸುತ್ತಲೂ ನೋಡಿದ.

ಇಷ್ಟು ವರ್ಷ ಶಿಬಿರ ನಡೆಸಿದ್ದ... ರಕ್ತ ಕೊಟ್ಟ ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ಮಂಚದಿಂದ ಎಬ್ಬಿಸಿದ್ದಷ್ಟೇ ಗೊತ್ತು.

ಕೊನೆಗೆ ತಲೆ ತಗ್ಗಿಸಿಕೊಂಡು ಮೂಲೆಯ ಕುರ್ಚಿಯ ಹತ್ತಿರ ಹೋಗಿ ಆ ಹೆಣ್ಣುಮಗಳ ಹೆಸರು ಕೇಳಿದ. ಯಶೋದಾ ಅಂದಳು. ಹೋದ ವರ್ಷವೂ ಬಂದು ರಕ್ತ ಕೊಟ್ಟಿದ್ದಳಂತೆ.

"ಆವಾಗ್ಲೂ ನೀವೇ ಎಬ್ಸಿದ್ರಿ ಅಣ್ಣ," ಅಂತ ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ಕೋಪ ಇರಲಿಲ್ಲ. ಬೋರಣ್ಣನಿಗೆ ಅದನ್ನೂ ತಡೆದುಕೊಳ್ಳಲಾಗಲಿಲ್ಲ.

ಅಜ್ಜಿ ಯಶೋದಾಳ ಕೈಗೆ ಎಳನೀರು ಕೊಟ್ಟು, ಕೆನ್ನೆ ಸವರಿ ನೆಟಿಗೆ ಮುರಿದರು.

ಬೋರಣ್ಣ ಸದ್ದಿಲ್ಲದೆ ಹೋಗಿ ಮಂಚದ ಮೇಲೆ ಮಲಗಿದ. ಸೂಜಿಯ ಕಡೆ ನೋಡದೆ ತೋಳು ಚಾಚಿದ. ಈ ಸಲ ಸೂಜಿ ಚುಚ್ಚಿ ಅಂತ ನರ್ಸಮ್ಮನಿಗೆ ಹೇಳಿದ.

ಸಂಘದವನೊಬ್ಬ ಅಭ್ಯಾಸಬಲದಿಂದ ಮೊಬೈಲ್ ಎತ್ತಿದ. ಬೋರಣ್ಣ ಹೆಗಲ ಮೇಲಿನ ಟವೆಲ್ ಎಳೆದು ಮುಖ ಮುಚ್ಚಿಕೊಂಡ...

ಧಣಿ ಮುಖ ಮುಚ್ಚಿಕೊಂಡಿದ್ದು ಗುರುತು ಸಿಗಬಾರದೆಂದು. ಬೋರಣ್ಣ ಮುಚ್ಚಿಕೊಂಡಿದ್ದು ನಾಚಿಕೆಗೆ.

ದೇವರ ಗೂಡಿನಲ್ಲಿರುವ ತನ್ನ ಫೋಟೋ ತೆಗೆದುಬಿಡಿ ಅಂತ ಟವೆಲ್ಲಿನ ಒಳಗಿಂದಲೇ ಅಜ್ಜಿಯನ್ನು ಕೇಳಿಕೊಂಡ.

"ಹೂಂ, ತೆಗಿತೀನಿ ಬುಡಪ್ಪ," ಅಂದರು ಅಜ್ಜಿ.

ಇರಲಿ ಬಿಡು ಅಂತ ಒಂದು ಮಾತಿಗೂ ಅನ್ನಲಿಲ್ಲ.

ಮೆಚ್ಚಿದವರನ್ನು ಎದೆಯ ಮೇಲೆ ಬರೆಸಿಕೊಳ್ಳುವುದು ಸುಲಭ... ಅವರು ಮಾಡಿದ್ದರಲ್ಲಿ ಒಂದನ್ನು ನಾವು ಮಾಡುವುದೇ ಕಷ್ಟ.

ದೊಡ್ಡವರ ಕಥೆಗಳನ್ನು ನಾವೂ ದಿನಾ ಗ್ರೂಪಿನಿಂದ ಗ್ರೂಪಿಗೆ ಕಳಿಸುತ್ತಲೇ ಇರುತ್ತೇವೆ... ನಮ್ಮ ತೋಳಿನ ಪ್ಲಾಸ್ಟರ್ ಕಿತ್ತು ನೋಡಿದರೆ, ಅಲ್ಲಿ ಗುರುತು ಇದೆಯೇ?